ಚಹವು ಮನೆಗೆ ಬಂದ ಬಗೆ

ಬಯಕೆಯು ಮೊದಲು, ಪದಾರ್ಥವು ಆಮೇಲೆ ಎಂದು ಅರ್ಥಶಾಸ್ತ್ರವನ್ನು ಹೊಸದಾಗಿ ಓದತೊಡಗಿದ ವಿದ್ಯಾರ್ಥಿಯು ನಂಬುತ್ತಾನೆ. ಜನರಲ್ಲಿ ಒಂದು ವಸ್ತುವಿನ ಅಪೇಕ್ಷೆಯು ಹುಟ್ಟುತ್ತದೆ. ವರ್ತಕನು ಅದನ್ನರಿತು ಸರಕನ್ನು ತರಿಸುತ್ತಾನೆ. ಬೆಲೆಯು ಇವರಿಬ್ಬರ ನಡುವೆ ನಿಂತು ನ್ಯಾಯ ಹೇಳುತ್ತದೆ. ಪುಸ್ತಕದಲ್ಲಿ ಈ ಕ್ರಮವು ಬಹಳ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಆ ಪುಸ್ತಕದ ಮಗ್ಗುಲಲ್ಲಿಯೇ ಆತನು ಇರಿಸಿಕೊಂಡಿರುವ ಚಹದ ಲೋಟದ ಚರಿತ್ರೆಯು ಈ ಕ್ರಮಕ್ಕೆ ತೀರ ವಿರುದ್ಧವಾಗಿದೆ. ಭಾರತದಲ್ಲಿ ಚಹವು ಮೊದಲು ಬೆಳೆಯಿತು, ಅನಂತರ ಮಿಕ್ಕಿತು, ಅದಾದ ಮೇಲೆ ಅದನ್ನು ಕುಡಿಯುವವರನ್ನು ಹುಡುಕಬೇಕಾಯಿತು. ದೊರೆಯದಿದ್ದಲ್ಲಿ ಅವರನ್ನು ತಯಾರುಮಾಡಬೇಕಾಯಿತು. ಒಂದು ದೇಶದ ನಿತ್ಯದ ಅಭ್ಯಾಸವನ್ನೇ ಜಾಹಿರಾತಿನ ಬಲದಿಂದ ಬದಲಾಯಿಸಿದ ನಿದರ್ಶನಗಳಲ್ಲಿ ಇದಕ್ಕಿಂತ ದೊಡ್ಡದು ಸುಲಭವಾಗಿ ಸಿಕ್ಕಲಾರದು.

ಚಹವು ಈ ದೇಶಕ್ಕೆ ಮೊದಲು ತಿಳಿದೇ ಇರಲಿಲ್ಲವೆಂದು ಹೇಳುವುದು ಸರಿಯಲ್ಲ. ಅಸ್ಸಾಮಿನ ಗಡಿಯ ಸಿಂಗ್‌ಫೋ ಜನರು ಕಾಡುಗಿಡದ ಎಲೆಯನ್ನು ಹದಮಾಡಿ ಕುಡಿಯುತ್ತಿದ್ದರು; ೧೮೨೩ರಲ್ಲಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟ್ಲೆಂಡಿನವನಿಗೆ ಆ ಗಿಡದ ಸುಳಿವು ದೊರೆತುದು ಅವರಿಂದಲೇ. ಕಾಶ್ಮೀರದಲ್ಲಿ ಉಪ್ಪು ಹಾಕಿದ ಚಹವು ಹಳೆಯ ವಾಡಿಕೆ. ೧೬೮೯ರಲ್ಲಿ ಸೂರತ್ತಿಗೆ ಬಂದ ಓವಿಂಗ್ಟನ್ ಎಂಬ ಪಾದ್ರಿಯು ಅಲ್ಲಿಯ ಬನಿಯಾ ವರ್ತಕರು ಚಹಕ್ಕೆ ಕಲ್ಲುಸಕ್ಕರೆಯನ್ನೂ ಖಾರದ ಮಸಾಲೆಗಳನ್ನೂ ಸೇರಿಸಿ ಸೇವಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆದರೆ ಇವು ಅಲ್ಲಲ್ಲಿಯ ಪದ್ಧತಿಗಳು. ಗಂಗೆಯ ಬಯಲಿನ ಒಕ್ಕಲಿಗನಿಗಾಗಲಿ ಕನ್ನಡನಾಡಿನ ಗೃಹಸ್ಥನಿಗಾಗಲಿ ಚಹದ ಗೊಡವೆಯಿರಲಿಲ್ಲ. ಬೆಳಗ್ಗೆ ಅಂಬಲಿಯೋ ಗಂಜಿಯೋ ಮಜ್ಜಿಗೆಯೋ ಸಾಕಾಗಿತ್ತು. ಬಿಸಿಲಿನಲ್ಲಿ ಬಂದ ಅತಿಥಿಗೆ ಬೆಲ್ಲ ನೀರು ಕೊಟ್ಟರೆ ಮರ್ಯಾದೆ ಪೂರ್ಣವಾಗುತ್ತಿತ್ತು.

ಇತ್ತ ಅಸ್ಸಾಮಿನಲ್ಲಿ ಬೆಳೆದ ಎಲೆಯೆಲ್ಲವೂ ಸಮುದ್ರವನ್ನು ದಾಟುತ್ತಿತ್ತು. ೧೮೩೯ರ ಜನವರಿಯಲ್ಲಿ ಎಂಟು ಪೆಟ್ಟಿಗೆ ಅಸ್ಸಾಂ ಚಹವು ಲಂಡನ್ನಿನಲ್ಲಿ ಹರಾಜಾಯಿತು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಬ್ರಿಟನ್ನಿನ ಪೇಟೆಯಲ್ಲಿ ಭಾರತದ ಚಹವು ಚೀನದ ಚಹವನ್ನು ಹಿಂದಕ್ಕೆ ತಳ್ಳಿತು. ಲಾಭದ ಆಸೆಯಿಂದ ತೋಟಗಳು ಮಿತಿಮೀರಿ ಹಬ್ಬಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಎಲೆಯು ಹೆಚ್ಚಾಗಿ ಬೆಲೆಯು ಇಳಿಯಿತು. ಆಗ ತೋಟದ ಯಜಮಾನರಿಗೆ, ತಮ್ಮ ಬೇಲಿಯಾಚೆಯೇ ಕೋಟ್ಯಂತರ ಜನರು ವಾಸಿಸುತ್ತಿರುವರೆಂಬ ಸಂಗತಿಯು ಸ್ಮರಣೆಗೆ ಬಂದಿತು!

ಅವರು ಹಿಡಿದ ಉಪಾಯವು ಗಮನಾರ್ಹವಾದುದು. ಒಬ್ಬೊಬ್ಬ ವರ್ತಕನೂ ತನ್ನ ತನ್ನ ಸರಕನ್ನು ಹೊಗಳಿಕೊಳ್ಳುವುದು ಸಾಮಾನ್ಯವಾದ ಜಾಹಿರಾತು. ಇಲ್ಲಿಯಾದರೋ ತೋಟಗಾರರೆಲ್ಲರೂ ಸೇರಿ ತಮ್ಮ ಮೇಲೆ ತಾವೇ ತೆರಿಗೆಯನ್ನು ಹಾಕಿಸಿಕೊಂಡರು. ಲಾರ್ಡ್ ಕರ್ಜನ್ನನು ವೈಸರಾಯನಾಗಿದ್ದಾಗ, ೧೯೦೩ರಲ್ಲಿ ಚಹದ ಸೆಸ್ಸಿನ ಕಾಯಿದೆಯು ಹುಟ್ಟಿತು. ರಫ್ತಾಗುವ ಪ್ರತಿ ಪೌಂಡಿಗೂ ಕಾಲು ಪೈಯಂತೆ ವಸೂಲು. ರೂಪಾಯಿಗೆ ೧೯೨ ಪೈಗಳಿದ್ದ ಆ ಕಾಲದಲ್ಲಿ ೭೬೮ ಪೌಂಡಿಗೆ ಒಂದು ರೂಪಾಯಿ ಎಂದ ಹಾಗಾಯಿತು. ಕೊಡುವವನಿಗೆ ಹೊರೆಯೇ ಅಲ್ಲ. ಆದರೆ ಹನಿಹನಿಯಾಗಿ ಕೂಡಿದ ಈ ಹಣದಿಂದ ಒಂದು ಸಮಿತಿಯು ದಶಕಗಳ ಕಾಲ ಪ್ರಚಾರವನ್ನು ನಡೆಸಿತು. ಮೊದಮೊದಲು ಅಮೆರಿಕ ಮೊದಲಾದ ಹೊರನಾಡುಗಳಿಗೂ ಹಣವು ಹೋಗುತ್ತಿತ್ತು. ಕ್ರಮೇಣ ದೃಷ್ಟಿಯು ಭಾರತದ ಮೇಲೆಯೇ ನೆಟ್ಟಿತು. ಯಾವ ಅಂಗಡಿಯ ಹೆಸರೂ ಇಲ್ಲದೆ, ಬರಿಯ ಚಹವನ್ನೇ ಹೊಗಳುವ ಜಾಹಿರಾತು ಜನರಿಗೆ ಹೊಸದು. ಹೆಸರಿಲ್ಲದುದರಿಂದಲೇ ಅದು ವ್ಯಾಪಾರಿಯ ಮಾತಿನಂತೆ ಕೇಳಿಸದೆ ಹಿತೋಪದೇಶದಂತೆ ಕೇಳಿಸಿತು.

ಪ್ರಚಾರಕರು ಆರಿಸಿಕೊಂಡ ಸ್ಥಳಗಳನ್ನು ನೋಡಿದರೆ ಅವರ ಜಾಣತನವು ತಿಳಿಯುತ್ತದೆ. ಮನೆಯ ಅಡಿಗೆಕೋಣೆಯನ್ನು ಅವರು ಮೊದಲು ಮುಟ್ಟಲಿಲ್ಲ. ಅಲ್ಲಿ ಆಚಾರದ ಕಾವಲು ಬಿಗಿಯಾಗಿತ್ತು. ಮನುಷ್ಯನು ಮನೆಯಿಂದ ಹೊರಗಿದ್ದು, ದಣಿದು, ಬೇರೇನೂ ದೊರೆಯದ ಹೊತ್ತನ್ನು ಅವರು ಕಾದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗಿರಣಿ, ಕಲ್ಲಿದ್ದಲ ಗಣಿ, ಕಾರ್ಖಾನೆಗಳಲ್ಲಿ ಚಹದ ಕಟ್ಟೆಗಳು ತೆರೆಯಲ್ಪಟ್ಟವು. ಕೆಲಸದ ನಡುವೆ ಚಹಕ್ಕೆ ಬಿಡುವು ಕೊಟ್ಟರೆ ಕೂಲಿಗಾರನು ಹೆಚ್ಚು ದುಡಿಯುವನೆಂದು ಯಜಮಾನರಿಗೆ ಬೋಧಿಸಲಾಯಿತು. ಹೀಗೆ ಕುಡಿಯುವವನಿಗಿಂತ ಮುಂಚೆ ಕುಡಿಸುವವನನ್ನು ಒಲಿಸಿಕೊಂಡುದಾಯಿತು.

ಎಲ್ಲಕ್ಕಿಂತ ಹೆಚ್ಚು ಫಲವನ್ನು ಕೊಟ್ಟುದು ರೈಲ್ವೆ. ಕೆಟಲನ್ನೂ ಬಟ್ಟಲುಗಳನ್ನೂ ಕೊಟ್ಟು ಸಣ್ಣ ಗುತ್ತಿಗೆದಾರರನ್ನು ಪ್ಲಾಟ್‌ಫಾರಮ್ಮಿನ ಮೇಲೆ ಬಿಡಲಾಯಿತು. ಇಡೀ ರಾತ್ರಿ ಗಾಡಿಯಲ್ಲಿ ಕುಳಿತು ಮೈ ಹಿಡಿದುಕೊಂಡವನ ಕಿಟಕಿಗೆ ನಸುಕಿನ ಚಳಿಯಲ್ಲಿ ಹೊಗೆಯಾಡುವ ಬಟ್ಟಲೊಂದು ಬಂದರೆ, ಅದನ್ನು ಬೇಡವೆನ್ನುವುದಕ್ಕೆ ಋಷಿಯ ಮನಸ್ಸೇ ಬೇಕು. ಹಿಂದೂ ನೀರು, ಮುಸಲ್ಮಾನ ನೀರು ಎಂದು ಬೇರೆ ಬೇರೆ ಕೊಡಗಳನ್ನಿಟ್ಟಿದ್ದ ಆ ಸ್ಟೇಷನ್ನುಗಳಲ್ಲಿ ಹಿಂದೂ ಚಹ, ಮುಸಲ್ಮಾನ ಚಹ ಎಂಬ ಕೂಗೂ ಎದ್ದಿತು. ಜನರ ಭೇದವನ್ನು ತಿದ್ದುವುದು ಪ್ರಚಾರಕನ ಕೆಲಸವಲ್ಲ; ಇರುವ ಭೇದಕ್ಕೆ ತಕ್ಕಂತೆ ಬಟ್ಟಲನ್ನು ಒದಗಿಸುವುದಷ್ಟೇ ಅವನ ಕೆಲಸ. ಸ್ಟೇಷನ್ನಿನ ಗೋಡೆಗಳ ಮೇಲೆ ಎನಾಮೆಲ್ ಹಲಗೆಗಳನ್ನು ಹೊಡೆದು, ನೀರನ್ನು ಹೇಗೆ ಕುದಿಸಬೇಕು, ಎಲೆಯನ್ನು ಎಷ್ಟು ಹಾಕಬೇಕು, ಎಷ್ಟು ನಿಮಿಷ ಮುಚ್ಚಿಡಬೇಕು ಎಂಬುದನ್ನು ಚಿತ್ರಸಮೇತವಾಗಿ ದೇಶಭಾಷೆಗಳಲ್ಲಿ ಬರೆಯಿಸಿದರು. ಗಾಡಿಗಾಗಿ ಕಾಯುವವನಿಗೆ ಓದಲು ಬೇರೇನಿದೆ?

ಇಷ್ಟಾದ ಮೇಲೆ ಮನೆಯ ಸರದಿ. ಒಂದು ಕಾಸಿನ ಪೊಟ್ಟಣಗಳು ಬಡವನ ಕೈಗೂ ನಿಲುಕುವಂತೆ ಅಂಗಡಿಗೆ ಬಂದವು. ಪ್ರಚಾರಕರು ಬೀದಿಯಲ್ಲಿ ಮನೆಯಿಂದ ಮನೆಗೆ ಹೋಗಿ ಚಹವನ್ನು ಕಾಸಿ ತೋರಿಸಿದರು. ಪರದೆಯ ಪದ್ಧತಿಯಿದ್ದ ಮನೆಗಳಿಗಾಗಿ ಹೆಂಗಸರನ್ನೇ ನೇಮಿಸಲಾಯಿತು. ೧೯೩೦ರ ಸುಮಾರಿನಲ್ಲಿ ಲೋಕವೆಲ್ಲ ಮುಗ್ಗಟ್ಟಿಗೆ ಸಿಕ್ಕಿ ಚಹದ ಬೆಲೆಯು ಮತ್ತೆ ಕುಸಿದಾಗ, ೧೯೩೩ರಲ್ಲಿ ಭಾರತ, ಸಿಂಹಳ, ಡಚ್ಚರ ಈಸ್ಟ್ ಇಂಡೀಸ್ ಈ ಮೂರೂ ಕಡೆಯವರು ರಫ್ತನ್ನು ಮಿತಿಗೊಳಿಸಲು ಒಪ್ಪಿದರು. ಹೊರಗೆ ಬಾಗಿಲು ಕಿರಿದಾದಷ್ಟೂ ಒಳಗಿನ ಪ್ರಚಾರವು ಬಲಿಯಿತು. ೧೯೩೭ರಲ್ಲಿ ಸಮಿತಿಯು ಭಾರತೀಯ ಚಹ ಮಾರುಕಟ್ಟೆ ವಿಸ್ತರಣ ಮಂಡಲಿಯೆಂಬ ಹೊಸ ಹೆಸರನ್ನು ತಳೆಯಿತು. ಎರಡನೆಯ ಮಹಾಯುದ್ಧದಲ್ಲಿ ಈ ಮಂಡಲಿಯ ಮೋಟಾರುಗಾಡಿಗಳು ಸೈನಿಕರಿಗೆ ಚಹವನ್ನು ಹಂಚುತ್ತ ತಿರುಗಿದವು.

ಪ್ರಚಾರದಲ್ಲಿ ಹೇಳಿದುದೆಲ್ಲವೂ ಸತ್ಯವೆಂದು ಒಪ್ಪುವಂತಿಲ್ಲ. ಚಹದಲ್ಲಿ ಅಮಲಿಲ್ಲ, ಅದು ಮನಸ್ಸಿಗೆ ಉಲ್ಲಾಸಕರ ಎಂಬಷ್ಟಕ್ಕೆ ಆಕ್ಷೇಪವಿಲ್ಲ. ಆದರೆ ಜ್ವರಾದಿ ರೋಗಗಳನ್ನು ತಡೆಯುವ ಶಕ್ತಿಯನ್ನೂ ಅದಕ್ಕೆ ಆರೋಪಿಸಿದ ಹಲಗೆಗಳಿದ್ದವು. ಕೆರೆಯ ನೀರನ್ನು ಕುದಿಸಿ ಕುಡಿದುದರಿಂದ ಬಂದ ಗುಣವನ್ನು ಎಲೆಯ ಲೆಕ್ಕಕ್ಕೆ ಬರೆದುದು ಜಾಣ ಗುಮಾಸ್ತನ ಕೆಲಸದಂತಿದೆ.

ವಿರೋಧವೂ ಇಲ್ಲದಿರಲಿಲ್ಲ. ರಸಾಯನಶಾಸ್ತ್ರಜ್ಞರಾದ ಆಚಾರ್ಯ ಪ್ರಫುಲ್ಲಚಂದ್ರ ರಾಯರು ಬಂಗಾಳದಲ್ಲಿ ಚಹದ ಚಟವನ್ನು ಬಲವಾಗಿ ಖಂಡಿಸಿದರು. ಬಡವನು ಊಟಕ್ಕೆ ಬದಲು ಚಹದಿಂದ ಹಸಿವನ್ನು ಅಡಗಿಸುವಂತಾಗುವುದೆಂಬುದು ಇಂಥ ವಿಮರ್ಶಕರ ಮುಖ್ಯವಾದ ಭಯ. ಗಾಂಧೀಜಿಯವರು ೧೯೪೨ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿದ್ದಾಗ ಬರೆದ ಆರೋಗ್ಯದ ಪುಸ್ತಕದಲ್ಲಿ ಚಹ, ಕಾಫಿ, ಕೋಕೋ ಮೂರನ್ನೂ ಬಿಟ್ಟುಬಿಡುವಂತೆ ಹೇಳಿದರು. ಆ ವೇಳೆಗೆ ಅವರ ಅನುಯಾಯಿಗಳಲ್ಲಿಯೇ ಎಷ್ಟೋ ಮಂದಿ ಬೆಳಗಿನ ಲೋಟವನ್ನು ಬಿಡಲಾರದವರಾಗಿದ್ದರು.

ಆದರೆ ಈ ಜಾಹಿರಾತುಗಳ ದೊಡ್ಡ ದೋಷವು ಅವು ಹೇಳಿದುದರಲ್ಲಿಲ್ಲ, ಹೇಳದೆ ಬಿಟ್ಟುದರಲ್ಲಿದೆ. ಚಿತ್ರಪಟದಲ್ಲಿ ಬಟ್ಟಲನ್ನು ಹಿಡಿದ ಗೃಹಿಣಿಯುಂಟು. ಬುಟ್ಟಿಯನ್ನು ಹೊತ್ತು ಎಲೆಯನ್ನು ಕೊಯ್ಯುವವಳು ಒಮ್ಮೊಮ್ಮೆ ಕಂಡರೂ ನಗುಮುಖದವಳಾಗಿಯೇ ಕಾಣುತ್ತಾಳೆ. ಛೋಟಾ ನಾಗಪುರ ಮೊದಲಾದ ಪ್ರಾಂತಗಳಿಂದ ಕರಾರಿನ ಮೇಲೆ ಅಸ್ಸಾಮಿಗೆ ಸಾಗಿಸಲ್ಪಟ್ಟ ಕೂಲಿಗಾರರ ಬಾಳು ಬೇರೆಯೇ ಆಗಿದ್ದಿತು. ಓಡಿಹೋದ ಕೂಲಿಯನ್ನು ತೋಟದವನೇ ವಾರಂಟಿಲ್ಲದೆ ಹಿಡಿಯಬಹುದೆಂಬ ಅಧಿಕಾರವನ್ನು ೧೮೬೫ರ ಕಾಯಿದೆಯು ಕೊಟ್ಟಿತ್ತು. ೧೮೮೬ರಲ್ಲಿ ದ್ವಾರಕಾನಾಥ ಗಂಗೂಲಿಯವರು ತೋಟಗಳ ಕಡೆ ಸಂಚರಿಸಿ ಅಲ್ಲಿಯ ಕಷ್ಟಗಳನ್ನು ಬಂಗಾಳದ ಪತ್ರಿಕೆಗಳಲ್ಲಿ ಬಯಲಿಗೆಳೆದರು. ೧೯೨೧ರ ಮೇ ತಿಂಗಳಲ್ಲಿ ಸಿಲ್ಹೆಟ್ ಜಿಲ್ಲೆಯ ಚರ್‌ಗೋಲಾ ಕಣಿವೆಯ ಸಾವಿರಾರು ಮಂದಿ ಕೂಲಿಗಾರರು, ಸಿಕ್ಕುತ್ತಿದ್ದ ಕೂಲಿಯಿಂದ ಜೀವ ಹಿಡಿಯಲಾರದೆ, ಗಾಂಧಿಗೆ ಜಯವೆಂದು ಕೂಗುತ್ತ ತೋಟಗಳನ್ನು ಬಿಟ್ಟು ತಮ್ಮ ಊರುಗಳ ಕಡೆಗೆ ಹೊರಟರು. ಚಾಂದಪುರದ ಸ್ಟೇಷನ್ನಿನಲ್ಲಿ ಮಲಗಿದ್ದವರನ್ನು ಗೂರ್ಖಾ ಸಿಪಾಯಿಗಳು ರಾತ್ರಿಯಲ್ಲಿ ಹೊಡೆದಟ್ಟಿದರು. ಆ ಬೀಡಿನಲ್ಲಿ ವಾಂತಿಭೇದಿಯು ಹಬ್ಬಿ ಅನೇಕರು ಸತ್ತರು. ದೀನಬಂಧು ಆಂಡ್ರೂಸರು ಅಲ್ಲಿಗೆ ಹೋಗಿ ಬದುಕಿದವರ ಸೇವೆಗೆ ನಿಂತರು. ಒಂದು ಸ್ಟೇಷನ್ನಿನಲ್ಲಿ ಚಹವನ್ನು ಕುಡಿಯಿರೆಂದು ಹಲಗೆ; ಇನ್ನೊಂದರಲ್ಲಿ ಆ ಚಹವನ್ನು ಬೆಳೆದವನ ಹೆಣ. ಒಂದೇ ಕಾಲದ ಈ ಎರಡು ನೋಟಗಳನ್ನು ಜೊತೆಯಲ್ಲಿಟ್ಟು ನೋಡುವುದು ಚರಿತ್ರಕಾರನಿಗೆ ಸಾಧ್ಯ, ಪ್ರಯಾಣಿಕನಿಗೆ ಸಾಧ್ಯವಾಗಲಿಲ್ಲ. ಜಾಹಿರಾತಿನ ಕೌಶಲವೆಲ್ಲವೂ ಈ ಅಗಲಿಕೆಯನ್ನು ಕಾಪಾಡಿಕೊಳ್ಳುವುದರಲ್ಲಿದೆ.

ಇಷ್ಟು ಹೇಳಿದರೂ ಜನರು ಪ್ರಚಾರಕರ ಕೈಗೊಂಬೆಗಳಾದರೆಂದು ತಿಳಿಯಬಾರದು. ಹಲಗೆಯ ಮೇಲಿನ ವಿಧಿಯು ಆಂಗ್ಲೇಯರದು: ಎಲೆಯನ್ನು ಬೇರೆ ಪಾತ್ರೆಯಲ್ಲಿ ನೆನೆಯಲಿಟ್ಟು, ಹಾಲು ಸಕ್ಕರೆಗಳನ್ನು ಹಿತಮಿತವಾಗಿ ಬೆರೆಸಬೇಕು. ಭಾರತದವನು ನೀರು, ಹಾಲು, ಸಕ್ಕರೆ, ಎಲೆ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕುದಿಸಿದನು. ಅದು ಸಾಲದೆ ಶುಂಠಿ ಏಲಕ್ಕಿಗಳನ್ನು ಜಜ್ಜಿ ಹಾಕಿದನು. ಹಾಲು ಮಸಾಲೆ ಹೆಚ್ಚಾದರೆ ಎಲೆಯ ಖರ್ಚು ಕಡಿಮೆಯಾಗುತ್ತದೆಂದು ಸಮಿತಿಯವರು ಅಸಮಾಧಾನಪಟ್ಟು, ಮಾರುವವರನ್ನು ತಿದ್ದಲು ಬಹಳ ಪ್ರಯತ್ನಿಸಿದರು. ಯಾರೂ ತಿದ್ದಿಕೊಳ್ಳಲಿಲ್ಲ. ಸೂರತ್ತಿನ ಬನಿಯಾಗಳ ಹಳೆಯ ರುಚಿಯೇ ಕೊನೆಗೆ ಗೆದ್ದಿತೆನ್ನಬಹುದು. ಈಗ ಪರದೇಶದವರೇ ಆ ಮಸಾಲೆಯ ಚಹವನ್ನು ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುತ್ತಾರೆ. ೧೯೩೦ರಲ್ಲಿ ಅಸ್ಸಾಮಿನಲ್ಲಿ ಮೊದಲಾದ, ಎಲೆಯನ್ನು ಹರಿದು ಹಿಂಡಿ ಕಾಳಾಗಿಸುವ ಯಂತ್ರವು ಕಡಿಮೆ ಎಲೆಯಿಂದ ಹೆಚ್ಚು ಬಣ್ಣವನ್ನು ಕೊಟ್ಟು ಈ ಪಾಕಕ್ಕೆ ಹೇಳಿಮಾಡಿಸಿದಂತಾಯಿತು.

ಕನ್ನಡನಾಡಿನಲ್ಲಿ ಈ ಕಥೆಯು ಬೇರೊಂದು ತಿರುವನ್ನು ಪಡೆಯಿತು. ಧಾರವಾಡ ಬೆಳಗಾವಿಗಳ ಕಡೆಯ ಮನೆಗಳು ಚಹಾ ಎಂದು ಅದನ್ನು ಬರಮಾಡಿಕೊಂಡವು. ಮೈಸೂರಿನ ಕಡೆಯವರು ಟೀ ಎಂದು ಕರೆದು ಅಂಗಡಿಯಲ್ಲಿ ಕುಡಿದರೂ, ಮನೆಯೊಳಗೆ ಕಾಫಿಗೇ ಅಗ್ರಪೂಜೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಫಕೀರನು ಅರಬ್ಬೀ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದನೆಂಬ ಪ್ರತೀತಿಯು ಎಲ್ಲರಿಗೂ ಗೊತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಫಿಯು ದಕ್ಷಿಣದ ಪೇಟೆಗಳ ಮನೆಗಳನ್ನು ಹೊಕ್ಕಾಗ ಅದರ ಹಿಂದೆ ಯಾವ ಸೆಸ್ಸಿನ ಹಣವೂ ಇರಲಿಲ್ಲ. ಕಛೇರಿಗೆ ಹೋಗುವ ಗಂಡಸು, ಕಾಫಿ ಕ್ಲಬ್ಬು, ಪಕ್ಕದ ಮನೆಯ ಪರಿಮಳ, ಇವೇ ಅದರ ಪ್ರಚಾರಕರು. ಆದಕಾರಣ ಜಾಹಿರಾತೊಂದೇ ಅಭ್ಯಾಸವನ್ನು ಹುಟ್ಟಿಸುವುದೆಂಬ ಮಾತೂ ಪೂರ್ತಿಯಾಗಿ ನಿಲ್ಲುವುದಿಲ್ಲ. ನೆರೆಮನೆಯವರನ್ನು ಅನುಸರಿಸುವ ಚಪಲವು ಅದಕ್ಕಿಂತ ಹಳೆಯದು, ಅಗ್ಗದ್ದು.

ಸೆಸ್ಸು ಕಾಫಿಗೂ ಬಾರದಿರಲಿಲ್ಲ. ೧೯೩೫ರಲ್ಲಿ ಕಾಫಿ ಸೆಸ್ಸಿನ ಕಾಯಿದೆಯಾಗಿ, ಮರುವರ್ಷ ಮುಂಬಯಿಯಲ್ಲಿ ಇಂಡಿಯಾ ಕಾಫಿ ಹೌಸು ತೆರೆಯಿತು. ಯುದ್ಧದಿಂದ ಯೂರೋಪಿನ ಪೇಟೆಗಳು ಮುಚ್ಚಿದಾಗ ಸರ್ಕಾರವು ಕಾಫಿಯ ಮಾರಾಟವನ್ನೇ ಮಂಡಲಿಯೊಂದರ ವಶಕ್ಕೆ ಕೊಟ್ಟಿತು. ಕಾಫಿ ಬೋರ್ಡಿನ ಮುಖ್ಯ ಕಛೇರಿಯು ಬೆಂಗಳೂರಿನಲ್ಲಿ ನೆಲೆಗೊಂಡಿತು.

ಚಹದ ಕಡೆಯಲ್ಲಿ, ಸ್ವಾತಂತ್ರ್ಯವು ಬಂದ ೧೯೪೭ರಲ್ಲಿ, ಅನ್ನದಾ ಮುನ್ಶಿಯೆಂಬ ಬಂಗಾಳದ ಚಿತ್ರಕಾರರು ಬರೆದ ಭಿತ್ತಿಪತ್ರವೊಂದು ಹೊರಬಿದ್ದಿತು. ಅದರಲ್ಲಿ ಚರಕದ ಮುಂದೆ ಕುಳಿತ ಸ್ತ್ರೀಯ ಕೈಯಲ್ಲಿ ಚಹದ ಬಟ್ಟಲಿದೆ. ಚಹವು ನೂರಕ್ಕೆ ನೂರು ಸ್ವದೇಶಿಯೆಂದು ಸಾರಲಾಗಿದೆ. ತೋಟಗಳಲ್ಲಿ ಬಹುಭಾಗವು ಆಗಿನ್ನೂ ಆಂಗ್ಲೇಯರ ಕಂಪೆನಿಗಳ ವಶದಲ್ಲಿಯೇ ಇದ್ದಿತು. ಚಹವನ್ನು ಬಿಡಿರೆಂದ ಮಹಾತ್ಮರ ಚರಕವನ್ನೇ ಚಹದ ಜಾಹಿರಾತಿಗೆ ಹಚ್ಚಿದ ಧೈರ್ಯವನ್ನು ಮೆಚ್ಚಬೇಕೋ ಮರುಗಬೇಕೋ ತಿಳಿಯದು. ೧೯೫೩ರ ಕಾಯಿದೆಯಂತೆ ಮರುವರ್ಷ ಟೀ ಬೋರ್ಡು ಬಂದು ಹಳೆಯ ಏರ್ಪಾಡು ಕೊನೆಗಂಡಿತು. ಒಮ್ಮೆ ಬೆಳೆದುದೆಲ್ಲವನ್ನೂ ಹೊರಕ್ಕೆ ಕಳುಹಿಸುತ್ತಿದ್ದ ದೇಶವು ಈಗ ತನ್ನ ಚಹದ ಐದರಲ್ಲಿ ಸುಮಾರು ನಾಲ್ಕು ಪಾಲನ್ನು ತಾನೇ ಕುಡಿಯುತ್ತದೆ.

ಕಾಫಿ ಬೋರ್ಡಾದರೋ ೧೯೫೭ರ ಹೊತ್ತಿಗೆ ಪ್ರಚಾರಕ್ಕಾಗಿ ತೆರೆದಿದ್ದ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ನಿಶ್ಚಯಿಸಿತು. ಕೆಲಸ ಕಳೆದುಕೊಳ್ಳಲಿದ್ದ ನೌಕರರು ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಮೊದಲನೆಯದು ಆ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು. ತೋಟಗಾರರ ಸರಕನ್ನು ಹೊಗಳಲೆಂದು ಹುಟ್ಟಿದ ಅಂಗಡಿಯು ಬಡಿಸುವವರ ಸ್ವಂತದ್ದಾಯಿತು. ಬಿಳಿಯ ಉಡುಪಿನ ಮೇಲೆ ಪಟ್ಟಿ ಬಿಗಿದು, ರುಮಾಲು ತೊಟ್ಟ ಪರಿಚಾರಕರು ೨೦೦೯ರವರೆಗೂ ಅಲ್ಲಿ ಕಾಫಿಯನ್ನು ಹಂಚಿದರು. ಆ ವರ್ಷ ಕಾಫಿ ಹೌಸು ಸಮೀಪದ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಂಡಿತು. ಅಲ್ಲಿಯವರೆಗೆ ಅದು ಇದ್ದುದು, ಕಾಫಿಯನ್ನು ಬಿಟ್ಟುಬಿಡಿರೆಂದು ಬರೆದವರ ಹೆಸರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ.