ಸುರಪುರದ ಮತಪೆಟ್ಟಿಗೆ: ಒಬ್ಬ ಶಾಸಕರ ಏಳುಬೀಳು

ಇತಿಹಾಸವೆಂದರೆ ದೂರದ ದೆಹಲಿಯ ಕಥೆ ಎಂದು ನಾವು ಭಾವಿಸುತ್ತೇವೆ. ನಮ್ಮ ಪಕ್ಕದ ಸುರಪುರ ಕ್ಷೇತ್ರದ ಚುನಾವಣೆಗಳನ್ನು ಒಮ್ಮೆ ಗಮನಿಸಿ. ಅಲ್ಲಿಯೂ ಕಲಿಯಬೇಕಾದ ಇತಿಹಾಸವಿದೆ.

ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕರು 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದು, ಸೆರೆಯಾಗಿ, ಅದೇ ವರ್ಷ ಮಡಿದರು. ಮುಂದೆ ಸಂಸ್ಥಾನ ಹೈದರಾಬಾದಿನ ನಿಜಾಮರ ಆಡಳಿತಕ್ಕೆ ಸೇರಿತು. ಶತಮಾನಕ್ಕೂ ಹೆಚ್ಚು ಕಾಲದ ನಂತರ ಅದೇ ಮನೆತನದ, ಅದೇ ಹೆಸರಿನ ಇನ್ನೊಬ್ಬರು ಮತ ಕೇಳಲು ಜನರ ಮನೆ ಬಾಗಿಲಿಗೆ ಬಂದರು.

1994ರಲ್ಲಿ ರಾಜ್ಯದಲ್ಲೆಲ್ಲ ಜನತಾದಳದ ಅಲೆ ಇತ್ತು. ಆದರೂ ಸುರಪುರದ ಮತದಾರರು ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷದ ರಾಜಾ ವೆಂಕಟಪ್ಪ ನಾಯಕರನ್ನು ಗೆಲ್ಲಿಸಿದರು. 1999ರಲ್ಲಿ ಅವರು ಕಾಂಗ್ರೆಸ್ಸಿನಿಂದ ಮತ್ತೆ ಗೆದ್ದರು. ಅರಮನೆಯ ಹೆಸರಿಗೆ ಸೋಲಿಲ್ಲವೆಂದು ತಿಳಿದವರಿಗೆ 2004 ಉತ್ತರ ಕೊಟ್ಟಿತು. ಆ ವರ್ಷ ರಾಜೂಗೌಡರೆಂದೇ ಪರಿಚಿತರಾದ ನರಸಿಂಹ ನಾಯಕರು ಕನ್ನಡನಾಡು ಪಕ್ಷದಿಂದ ಆಯ್ಕೆಯಾದರು. ಇಡೀ ರಾಜ್ಯದಲ್ಲಿ ಆ ಪಕ್ಷಕ್ಕೆ ದಕ್ಕಿದ್ದು ಇದೊಂದೇ ಸ್ಥಾನ!

2008ರಲ್ಲಿ ಕ್ಷೇತ್ರವು ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಬಿಜೆಪಿಯಿಂದ ನರಸಿಂಹ ನಾಯಕರೇ ಗೆದ್ದರು. 2013ರಲ್ಲಿ ವೆಂಕಟಪ್ಪ ನಾಯಕರು, 2018ರಲ್ಲಿ ನರಸಿಂಹ ನಾಯಕರು, 2023ರಲ್ಲಿ ಮತ್ತೆ ವೆಂಕಟಪ್ಪ ನಾಯಕರು. ಯಾದಗಿರಿ ಕ್ಷೇತ್ರದ ಕಥೆಯೂ ಬೇರೆಯಲ್ಲ: 2018ರಲ್ಲಿ ಗೆದ್ದ ವೆಂಕಟರೆಡ್ಡಿ ಮುದನಾಳರು 2023ರಲ್ಲಿ ಸೋತರು.

ನಾಲ್ಕು ಸಲ ಶಾಸಕರಾದ ವೆಂಕಟಪ್ಪ ನಾಯಕರು 2024ರ ಫೆಬ್ರವರಿ 25ರಂದು, ಶಾಸಕರಾಗಿರುವಾಗಲೇ ನಿಧನರಾದರು. ಅವರ ಮಗ ರಾಜಾ ವೇಣುಗೋಪಾಲ ನಾಯಕರಿಗೂ ಸ್ಥಾನ ತಾನಾಗಿ ಬರಲಿಲ್ಲ. ಅವರು ಉಪಚುನಾವಣೆಗೆ ನಿಂತು, ಮತ ಕೇಳಿ ಗೆಲ್ಲಬೇಕಾಯಿತು.

ಇಲ್ಲಿ ನಾವು ಕಲಿಯಬೇಕಾದ ಪಾಠವೇನು? ಮನೆತನದ ಹೆಸರು ಒಬ್ಬರನ್ನು ಕಣಕ್ಕೆ ತರಬಹುದು, ಅಲ್ಲಿ ಉಳಿಸುವವನು ಮತದಾರ. ದೊರೆಯ ವಂಶಸ್ಥರಿಗೂ ಹೊಲದ ಕೂಲಿಯವನಿಗೂ ಇರುವುದು ಒಂದೊಂದೇ ಮತ. ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿದದ್ದರಿಂದ ಆ ಹಕ್ಕು ಕಾಲೇಜು ಮೆಟ್ಟಿಲು ಹತ್ತುವ ವಯಸ್ಸಿನಲ್ಲೇ ನಿಮ್ಮ ಕೈಗೆ ಬರುತ್ತದೆ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಹಕ್ಕಿದ್ದೂ ಇಲ್ಲದಂತೆ. ಆದ್ದರಿಂದ 18 ತುಂಬಿದವರು ಮೊದಲು ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡಿಕೊಳ್ಳಿ. ಮನೆಯಲ್ಲಿರುವ ಅಕ್ಕ-ತಂಗಿಯರ, ತಾಯಂದಿರ ಹೆಸರನ್ನೂ ನೋಡಿ. ಆರಿಸುವಾಗ ವಂಶವನ್ನಲ್ಲ, ಕೆಲಸವನ್ನು ಕೇಳಿ.