ಕೆಂಚಿಗೆ ಕೊಟ್ಟ ಅರ್ಧ ಮಾತ್ರೆ

ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮನೆ ಬೆಕ್ಕು ಕೆಂಚಿ ಒಂದಿನ ಮಂಕಾಗಿ ಮೂಲೆ ಹಿಡಿಯಿತು. ನಮಗೆ ಜ್ವರ ಬಂದಾಗ ಮಾಡುವಂತೆ ಅವ್ವ ಅರ್ಧ ಪ್ಯಾರಾಸಿಟಮಾಲ್ ಪುಡಿ ಮಾಡಿ ಹಾಲಿನಲ್ಲಿ ಕುಡಿಸಿದಳು. ಬೆಳಗಾಗುವಷ್ಟರಲ್ಲಿ ಅದರ ಮುಖ ಊದಿತ್ತು, ಒಸಡು ಕಂದು ಬಣ್ಣಕ್ಕೆ ತಿರುಗಿತ್ತು. ಸಂಜೆಗೆ ಸತ್ತುಹೋಯಿತು. ಹಾವು ಕಚ್ಚಿರಬೇಕು ಅಂದರು ಎಲ್ಲರೂ. ನಾನೂ ಹಾಗೇ ನಂಬಿದ್ದೆ.

ಬೆಂಗಳೂರಿಗೆ ಬಂದು ನಾನೇ ಒಂದು ಬೆಕ್ಕು ಸಾಕಿದ ಮೇಲೆ ಈ ಮಾತ್ರೆಯ ಚರಿತ್ರೆ ಓದಿದೆ. ಅದು ಶುರುವಾಗಿದ್ದೇ ಒಂದು ಎಡವಟ್ಟಿನಿಂದ. 1886ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಸ್ಟ್ರಾಸ್‌ಬರ್ಗಿನಲ್ಲಿ, ಕಾನ್ ಮತ್ತು ಹೆಪ್ ಎಂಬ ವೈದ್ಯರು ಹೊಟ್ಟೆಹುಳಕ್ಕೆ ನ್ಯಾಫ್ತಲೀನ್ ತರಿಸಿದರೆ, ಔಷಧಿಯವರು ತಪ್ಪಿ ಅಸಿಟನಿಲೈಡ್ ಕಳಿಸಿದರು. ರೋಗಿಯ ಜ್ವರ ಇಳಿದೇಬಿಟ್ಟಿತು! ಅದೇ ಔಷಧಿಯಾಗಿ ಮಾರುಕಟ್ಟೆಗೆ ಬಂತು. ಆದರೆ ತಿಂದ ಕೆಲವರ ತುಟಿ ನೀಲಿಯಾಗುತ್ತಿತ್ತು. ರಕ್ತದ ಹಿಮೋಗ್ಲೋಬಿನ್ ಕೆಟ್ಟು ಆಮ್ಲಜನಕ ಹೊರಲಾಗದೆ ಹೋಗುತ್ತಿತ್ತು. 1948ರಲ್ಲಿ ಅಮೆರಿಕದ ಬ್ರೋಡಿ ಮತ್ತು ಆಕ್ಸೆಲ್‌ರಾಡ್ ಈ ಗಂಟು ಬಿಡಿಸಿದರು. ಅಸಿಟನಿಲೈಡ್ ದೇಹದೊಳಗೆ ಪ್ಯಾರಾಸಿಟಮಾಲ್ ಆಗಿ ಜ್ವರ ಇಳಿಸುತ್ತದೆ, ತುಟಿ ನೀಲಿಯಾಗುವುದು ಜೊತೆಗೆ ಹುಟ್ಟುವ ಅನಿಲಿನ್‌ನಿಂದ. ಹಾಗಿದ್ದರೆ ನೇರವಾಗಿ ಪ್ಯಾರಾಸಿಟಮಾಲನ್ನೇ ಕೊಟ್ಟರಾಯಿತಲ್ಲ!

ಮನುಷ್ಯರಿಗೇನೋ ಸರಿಹೋಯಿತು. ಬೆಕ್ಕಿಗಲ್ಲ. ನಮ್ಮ ಲಿವರ್ ಈ ಮಾತ್ರೆಯ ಬಹುಪಾಲನ್ನು ಗ್ಲುಕುರಾನಿಕ್ ಆಮ್ಲದ ಜೊತೆ ಕಟ್ಟಿ ಮೂತ್ರದಲ್ಲಿ ಸಾಗಹಾಕುತ್ತದೆ. ಬೆಕ್ಕು ಈ ಕೆಲಸದಲ್ಲಿ ತೀರಾ ಹಿಂದೆ ಅನ್ನುವುದನ್ನು 1958ರಲ್ಲೇ ಲಂಡನ್ನಿನ ರಾಬಿನ್ಸನ್ ಮತ್ತು ವಿಲಿಯಮ್ಸ್ ತೋರಿಸಿದ್ದರು. 2000ದಲ್ಲಿ ಕೋರ್ಟ್ ಮತ್ತು ಗ್ರೀನ್‌ಬ್ಲಾಟ್ ಕಾರಣ ಹುಡುಕಿದರು: ಅದಕ್ಕೆ ಬೇಕಾದ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ. ನಮ್ಮ ಕಸುಬಿನ ಮಾತಲ್ಲಿ ಹೇಳಬೇಕಂದ್ರೆ, ಕೋಡ್ ಫೈಲಿನಲ್ಲಿದೆ, ಆದರೆ ರನ್ ಆಗಲ್ಲ. ಹಾಗಾಗಿ ಮನುಷ್ಯರು 1948ರಲ್ಲಿ ದಾಟಿದ ಆ ರಕ್ತದ ತೊಂದರೆ ಬೆಕ್ಕಿಗೆ ಇವತ್ತಿಗೂ ಇದೆ.

ಲೆಕ್ಕ ಹಾಕಿ ನೋಡಿ. 500 ಮಿಲಿಗ್ರಾಂ ಮಾತ್ರೆ 60 ಕೆಜಿ ಮನುಷ್ಯನಿಗೆ ಕೆಜಿಗೆ ಸುಮಾರು 8 ಮಿಲಿಗ್ರಾಂ. 4 ಕೆಜಿ ಬೆಕ್ಕಿಗೆ 125!

ಬೆಕ್ಕು ನಮ್ಮ ಮಾತ್ರೆ ನುಂಗಿದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಹೋಗಬೇಡಿ. ಮಾತ್ರೆಯ ಸ್ಟ್ರಿಪ್ ಹಿಡಿದು ತಕ್ಷಣ ಪಶುವೈದ್ಯರ ಹತ್ತಿರ ಓಡಿ. ಎಷ್ಟು ತಿಂತು, ಯಾವಾಗ ತಿಂತು ಹೇಳಿ. ಪ್ಯಾರಾಸಿಟಮಾಲಿಗೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದು ಇದೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು.

ಮೊನ್ನೆ ಅವ್ವ ಫೋನ್ ಮಾಡಿ, "ಮರಿ ಯಾಕೋ ಸೀನ್ತದೆ ಕಣ್ ಮಗ, ಚೂರು ಮಾತ್ರೆ ಹಾಕ್ಲಾ?" ಅಂದಳು. ಬ್ಯಾಡ ಅಂದೆ, ಕಾರಣಾನೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಹಂಗಾದ್ರೆ ಕೆಂಚಿ ಸತ್ತಿದ್ದು ನನ್ ಕೈಯಿಂದ್ಲೇನಾ?" ಅಂದಳು.

"ನಿನ್ ತಪ್ಪಲ್ಲ ಕಣವ್ವ, ಹೇಳೋರು ಯಾರೂ ಇರ್ಲಿಲ್ಲ" ಅಂದೆ. ಲಂಡನ್ನಿನಲ್ಲಿ ತಿಳಿದಿದ್ದು ನಮ್ಮೂರು ಮುಟ್ಟಲು ಅರವತ್ತು ವರ್ಷ ಬೇಕಾಯಿತು. ನಿಮ್ಮೂರಿಗೆ ಅಷ್ಟು ತಡವಾಗದಿರಲಿ ಅಂತ ಬರೆದೆ.