ಬಡವರ ಬಾನಸದ ಲೆಕ್ಕ

ಚರಿತ್ರೆಯನ್ನು ಬರೆದವರು ಕೋಟೆಗಳ ಲೆಕ್ಕವನ್ನಿಟ್ಟರು, ಕುದುರೆಗಳ ಲೆಕ್ಕವನ್ನಿಟ್ಟರು. ಒಲೆಯ ಲೆಕ್ಕವನ್ನಿಟ್ಟವರು ವಿರಳ. ಆದರೆ ವಾಚಕರೇ, ಕೈಯಲ್ಲಿ ಕಾಸಿಲ್ಲದ ಒಕ್ಕಲು ಮನೆಯೊಂದು ಆರೇಳು ಬಾಯಿಗಳಿಗೆ ಬಲವುಳ್ಳ ಊಟವನ್ನು ಹೇಗೆ ಒದಗಿಸುತ್ತಿದ್ದಿತೆಂಬುದು ರಾಜ್ಯಗಳ ಏಳುಬೀಳುಗಳಿಗಿಂತ ಕಿರಿದಾದ ಪ್ರಶ್ನೆಯಲ್ಲ. ನಮ್ಮ ಬಯಲುಸೀಮೆಯ ಮಟ್ಟಿಗೆ ಅದರ ಉತ್ತರವು ಹೊಲಗಳಲ್ಲಿಯೂ ಅಡುಗೆಮನೆಗಳಲ್ಲಿಯೂ ಇನ್ನೂ ಪೂರ್ಣವಾಗಿ ಅಳಿಸಿಹೋಗಿಲ್ಲ.

ಶರಣರ ಚರಿತ್ರೆಯನ್ನು ಬಲ್ಲ ತಮಗೆ ಆಯ್ದಕ್ಕಿ ಲಕ್ಕಮ್ಮನ ಪರಿಚಯ ಹೊಸದಲ್ಲ. ಪತಿಯಾದ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದ ಪ್ರಸಂಗ ಪ್ರಸಿದ್ಧವಾದುದು. ಇದನ್ನು ನಾವು ಆಸೆಯನ್ನು ಗೆದ್ದವಳ ಕಥೆಯೆಂದು ಓದುತ್ತೇವೆ, ಅದು ಸರಿಯೇ. ಅದರಲ್ಲಿ ಇನ್ನೊಂದು ಅಂಶವೂ ಉಂಟು. ಮನೆಗೆ ಎಷ್ಟು ಸಾಕೆಂಬ ಅಳತೆಯು ಅಡುಗೆ ಮಾಡುವವಳ ಕೈಯಲ್ಲಿದ್ದಿತು. ಮಿತವ್ಯಯವೆಂದರೆ ಅದು. ಆ ಅಳತೆ ಅನ್ಯರ ಕೈಗೆ ಹೋದಾಗ ಏನಾಯಿತೆಂಬುದನ್ನು ಮುಂದೆ ಕಾಣೋಣ.

ಮೊದಲು ಹೊಲಕ್ಕೆ ಹೋಗೋಣ. ರಾಗಿಯ ಸೀಮೆಯ ರೈತನು ರಾಗಿಯೊಂದನ್ನೇ ಬಿತ್ತುತ್ತಿರಲಿಲ್ಲ. ಕೆಲವು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಉತ್ತರದ ಎರೆಭೂಮಿಯಲ್ಲಿ ಜೋಳದೊಡನೆ ಕುಸುಬೆ ಇರುತ್ತಿದ್ದಿತು. ತೊಗರಿ, ಹೆಸರು, ಮಡಿಕೆಗಳು ಬೇರೆ. ಮಳೆ ಕೈಕೊಟ್ಟರೆ ಒಂದು ಬೆಳೆ ಹೋಗಿ ಇನ್ನೊಂದು ಉಳಿಯಲೆಂಬುದು ರೈತನ ಎಣಿಕೆ. ಆದರೆ ಅದೇ ಬಿತ್ತನೆಯಿಂದ ಗಂಗಳದ ಊಟವೂ ನಿರ್ಣಯವಾಗುತ್ತಿದ್ದಿತು: ಧಾನ್ಯ, ಕಾಳು, ಎಣ್ಣೆ ಮೂರೂ ಒಂದೇ ಹೊಲದಿಂದ ಬಂದವು. ಕಳೆ ಕೀಳುವಾಗ ಹೆಂಗಸರು ಮಡಿಲಲ್ಲಿ ತುಂಬಿ ತರುತ್ತಿದ್ದ ಬೆರಕೆ ಸೊಪ್ಪಿಗೆ ಬೆಲೆಯೇ ಇರಲಿಲ್ಲ.

ಇಷ್ಟನ್ನು ಒಲೆಯ ಮೇಲಿಟ್ಟ ಬಗೆಯನ್ನು ಗಮನಿಸಿರಿ. ಹಳೆಯ ಮೈಸೂರಿನ ಬಸ್ಸಾರಿನಲ್ಲಿ ಕಾಳನ್ನೂ ಸೊಪ್ಪನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಕಟ್ಟನ್ನು ಬಸಿದು ಸಾರು ಮಾಡಿ, ಉಳಿದುದಕ್ಕೆ ಒಗ್ಗರಣೆ ಹಾಕಿ ಪಲ್ಯ ಮಾಡುವರು. ಒಂದು ಬೆಂಕಿಗೆ ಎರಡು ವ್ಯಂಜನ. ನೀರಿನಲ್ಲಿ ಕರಗಿದ ಸತ್ವವೂ ಚೆಲ್ಲಿಹೋಗದು. ಸೌದೆಗೂ ಬರವಿದ್ದ ಮನೆಯಲ್ಲಿ ಇದು ಸಣ್ಣ ಉಳಿತಾಯವಲ್ಲ. ಧಾರವಾಡ, ವಿಜಯಪುರದ ಕಡೆ ಜೋಳದ ರೊಟ್ಟಿಯೊಡನೆ ಹೆಸರುಕಾಳು, ಪುಂಡಿ ಪಲ್ಯ, ಗುರೆಳ್ಳು ಅಥವಾ ಅಗಸಿ ಚಟ್ನಿಪುಡಿ, ಮೇಲೆ ಮಜ್ಜಿಗೆ. ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಹಕ್ಕರಿಕೆ, ಮೆಂತ್ಯದ ಎಳೆಯ ಸೊಪ್ಪು. ಈ ಹಸಿಯ ಸೊಪ್ಪನ್ನು ಕೇವಲ ಬಾಯಿರುಚಿಯೆಂದು ಭಾವಿಸಬೇಡಿರಿ. ಧಾನ್ಯಗಳಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಬೇಯಿಸದ ಸೊಪ್ಪು, ನಿಂಬೆ, ಮೊಳಕೆಕಾಳುಗಳಲ್ಲಿರುವ ಸಿ ಜೀವಸತ್ವವು ಅದನ್ನು ಹತ್ತುವಂತೆ ಮಾಡುತ್ತದೆ. ಧಾನ್ಯಗಳಲ್ಲಿ ಕೊರತೆಯಿರುವ ಲೈಸಿನ್ ಎಂಬ ಪ್ರೋಟೀನಿನ ಅಂಶವು ಕಾಳುಗಳಲ್ಲಿ ಧಾರಾಳವಾಗಿದೆ. 100 ಗ್ರಾಮ್ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಮ್ ಸುಣ್ಣದ ಅಂಶವಿದ್ದರೆ, ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಅದು ಸುಮಾರು 10 ಮಿಲಿಗ್ರಾಮ್ ಮಾತ್ರ. ಇವಾವ ಹೆಸರನ್ನೂ ಕೇಳದ ನಮ್ಮ ಹಿರಿಯ ತಾಯಂದಿರು ಅನುಭವದಿಂದಲೇ ಈ ಜೋಡಣೆಯನ್ನು ಸಾಧಿಸಿಕೊಂಡಿದ್ದರು.

ಹದಿನಾರನೆಯ ಶತಮಾನದ ಕನಕದಾಸರು ತಮ್ಮ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ವಾದವನ್ನು ಹೂಡಿ, ಆರು ತಿಂಗಳು ಸೆರೆಯಲ್ಲಿಟ್ಟರೂ ಬಳಲದ ರಾಗಿಗೇ ಗೆಲವನ್ನಿತ್ತರು. ಹಗೇವಿನಲ್ಲಿ ತುಂಬಿಟ್ಟ ರಾಗಿ ಹಲವು ವರ್ಷ ಕೆಡದೆಂಬುದು ಆ ಕಲ್ಪನೆಯ ಹಿಂದಿರುವ ನಿಜ.

ಆದರೂ ಹಗೇವುಗಳು ಬರಿದಾದ ಕಾಲ ಬಂದಿತು. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರವನ್ನು ಕುರಿತು ಹಿರಿಯರು ಹೇಳಿದುದನ್ನು ತಮ್ಮಲ್ಲಿ ಕೆಲವರಾದರೂ ಕೇಳಿರಬಹುದು. 1871ರ ಜನಗಣತಿಯಲ್ಲಿ 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಈ ಬರದಲ್ಲಿಯೇ ಬಡವನ ಊಟವನ್ನು ಸರ್ಕಾರ ತಕ್ಕಡಿಯಲ್ಲಿಟ್ಟು ತೂಗಿದ್ದು. ವೈಸರಾಯರ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಖರ್ಚು ತಗ್ಗಿಸುವ ಉದ್ದೇಶದಿಂದ, ಬರಗಾಲದ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ರಾತಲು ಧಾನ್ಯದ ಬೆಲೆ, ಮೇಲುಖರ್ಚಿಗೆ ಅಲ್ಪ ಕಾಸು ಸಾಕೆಂದು 1877ರ ಆರಂಭದಲ್ಲಿ ಗೊತ್ತುಮಾಡಿದನು. ಒಂದು ರಾತಲೆಂದರೆ ಸುಮಾರು 450 ಗ್ರಾಮ್. ಅದರಿಂದ ದೊರೆಯುವುದು ಸುಮಾರು 1,600 ಕ್ಯಾಲರಿ. ಕಲ್ಲು ಒಡೆದು ಮಣ್ಣು ಹೊರುವವನಿಗೆ ಇಷ್ಟು!

ಮದರಾಸು ಪ್ರಾಂತ್ಯದ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದನು. ಧಾನ್ಯ ಒಂದೂವರೆ ರಾತಲಾದರೂ ಇರಬೇಕು, ಅದರೊಡನೆ ಬೇಳೆಯೂ ಕಾಯಿಪಲ್ಯವೂ ಬೇಕೆಂಬುದು ಅವನ ವಾದ. ಅದೇ ವರ್ಷ ಮದರಾಸು ಸರ್ಕಾರ ಆ ಅಳತೆಯನ್ನು ಕೈಬಿಟ್ಟು ಕೂಲಿಯನ್ನು ಏರಿಸಿತಾದರೂ, ಅಷ್ಟರಲ್ಲಿ ಎಷ್ಟೋ ಜೀವಗಳು ನೆಲಕಚ್ಚಿದ್ದವು. ಬಳ್ಳಾರಿ ಆಗ ಆ ಪ್ರಾಂತ್ಯದಲ್ಲಿಯೇ ಇದ್ದಿತೆಂಬುದನ್ನು ನೆನೆದರೆ ಈ ವಾದವು ದೂರದ ಕಡತವಾಗಿ ಉಳಿಯುವುದಿಲ್ಲ. ಲಕ್ಕಮ್ಮನು ಅಕ್ಕಿಯನ್ನು ಹಿಂದಿರುಗಿಸಿದ್ದು ತೃಪ್ತಿಯಿಂದ. ಟೆಂಪಲ್ ಧಾನ್ಯವನ್ನು ಕಡಿತಗೊಳಿಸಿದ್ದು ಬೊಕ್ಕಸಕ್ಕಾಗಿ. ಇವೆರಡನ್ನೂ ಮಿತವ್ಯಯವೆಂಬ ಒಂದೇ ಹೆಸರಿನಿಂದ ಕರೆಯಲಾಗದು.

ಕಾರ್ನಿಷನ ಮಾತನ್ನು ವಿಜ್ಞಾನವು ತರುವಾಯ ಎತ್ತಿಹಿಡಿಯಿತು. ನೀಲಗಿರಿಯ ಕೂನೂರಿನಲ್ಲಿ ಮೆಕ್ಯಾರಿಸನ್ ಭಾರತದ ನಾನಾ ಪ್ರಾಂತ್ಯಗಳ ಊಟವನ್ನು ಇಲಿಗಳಿಗೆ ತಿನ್ನಿಸಿ ನೋಡಿದಾಗ ಬರಿಯ ಅಕ್ಕಿಯನ್ನೇ ನಂಬಿದ ಊಟ ಹಿಂದೆ ಬಿದ್ದಿತು. ಜೋಳವನ್ನು ಕುರಿತೂ ನಾವು ಕುರುಡು ಅಭಿಮಾನ ತಾಳಬೇಕಾಗಿಲ್ಲ. ಜೋಳವೊಂದನ್ನೇ ತಿಂದು ಬದುಕುತ್ತಿದ್ದ ದಖ್ಖನ್ನಿನ ಬಡವರಲ್ಲಿ ಚರ್ಮವು ಕಪ್ಪಿಟ್ಟು ಸುಲಿಯುವ ಪೆಲ್ಲಾಗ್ರ ರೋಗವನ್ನು ಹೈದರಾಬಾದಿನ ವಿಜ್ಞಾನಿಗಳು 1960ರ ಸುಮಾರಿಗೆ ಗುರುತಿಸಿದರು. ರೊಟ್ಟಿಯ ಪಕ್ಕದ ಬೇಳೆಯೂ ಮಜ್ಜಿಗೆಯೂ ಇಲ್ಲವಾದಾಗ ರೊಟ್ಟಿಯೂ ಕಾಪಾಡಲಿಲ್ಲ.

ಹಸಿರು ಕ್ರಾಂತಿಯ ಬಳಿಕ ಭತ್ತ ಗೋಧಿಗಳು ಹೆಚ್ಚಿದವು, ಪಡಿತರದಲ್ಲಿ ಅಕ್ಕಿ ಬಂದಿತು. 2013ರಲ್ಲಿ ಆರಂಭವಾದ ಅನ್ನಭಾಗ್ಯವು ಎಷ್ಟೋ ಮನೆಗಳ ಹಸಿವನ್ನು ನೀಗಿತು. ಹೊಟ್ಟೆ ತುಂಬಿದವರು ಅದನ್ನು ಹಗುರವಾಗಿ ನುಡಿಯುವುದು ಈ ಲೇಖಕನಿಗೆ ಒಪ್ಪಿಗೆಯಲ್ಲ. ಕಷ್ಟವಿರುವುದು ಬೇರೆಡೆ: ಅಕ್ಕಡಿ ಸಾಲು ಹೋಗಿ ಒಂದೇ ಬೆಳೆಯ ಹೊಲವಾದಂತೆ, ಕಾಳು, ಎಣ್ಣೆ, ಸೊಪ್ಪುಗಳೆಲ್ಲ ದುಡ್ಡು ಕೊಟ್ಟು ತರುವ ವಸ್ತುಗಳಾದವು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು; ಅಷ್ಟರಲ್ಲಿ ನವಣೆ, ಸಾಮೆಗಳು ನಗರದ ಸಿರಿವಂತರ ಧಾನ್ಯಗಳಾಗಿ, ಹೆಸರನ್ನು ಸಾರ್ಥಕಪಡಿಸಿಕೊಂಡಿದ್ದವು!

ಆದುದರಿಂದ ದುಬಾರಿ ಧಾನ್ಯವನ್ನು ಕೊಳ್ಳಲಾಗದೆಂದು ಗೃಹಿಣಿಯರು ಮನಗುಂದಬೇಕಿಲ್ಲ. ಮನೆಗೆ ಬರುವ ಅಕ್ಕಿಯೇ ಇರಲಿ, ಅದರ ಪಕ್ಕದ ವ್ಯಂಜನವನ್ನು ಮರಳಿ ತಂದರಾಯಿತು. ಧಾನ್ಯ ನಾಲ್ಕು ಪಾಲಾದರೆ ಕಾಳು ಒಂದು ಪಾಲು. ಐದು ಜನರಿಗೆ ದಿನಕ್ಕೆ ಒಂದೂವರೆ ಕಿಲೋ ಧಾನ್ಯ ಬೇಯುವ ಮನೆಯಲ್ಲಿ ಕಾಳು ಬೇಳೆಗಳು ಕೂಡಿ 375 ಗ್ರಾಮಿನಷ್ಟಿರಲಿ. ತೊಗರಿಯ ಬೆಲೆ ಏರಿದಾಗ ಹುರುಳಿಯಾದೀತು. ಅದನ್ನು ರಾತ್ರಿ ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳೆಸಿದರೆ ಗುಣವೂ ಹೆಚ್ಚು, ಬೇಗನೆಯೂ ಬೇಯುತ್ತದೆ. ಇನ್ನು ಸೊಪ್ಪಿಗೆ ಹಿತ್ತಿಲಿನಲ್ಲಿ ಒಂದು ಗೇಣು ಮಡಿ ಸಾಕು. ಅಕ್ಕಿ, ಬೇಳೆ ತೊಳೆದ ನೀರನ್ನು ಅಲ್ಲಿಗೆ ಹರಿಸಿ, ಹರಿವೆಯ ಬೀಜವನ್ನು ಮರಳಿನೊಡನೆ ಬೆರೆಸಿ ತೆಳುವಾಗಿ ಚೆಲ್ಲಿದರೆ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಬೇರುಸಹಿತ ಕೀಳದೆ ಮೇಲಿನಿಂದ ಚಿವುಟಿಕೊಂಡರೆ ಅದೇ ಗಿಡವು ಮತ್ತೆ ಮತ್ತೆ ಚಿಗುರುತ್ತದೆ.